ಓ ಅಂದದ್ದು ಯಾರು

ಬೆಳಿಗ್ಗೆ ಆರೂಕಾಲು. ದುದ್ದ ಹೋಬಳಿಯ ಒಂದು ಹಾಲಿನ ಡೇರಿ.
ಕ್ಯಾನು ಹಿಡಿದ ಸಾಲು ಬಾಗಿಲು ದಾಟಿ
ರಾಗಿ ಮಿಲ್ಲಿನ ಮೂಲೆಗೆ ತಿರುಗಿದೆ.
"ನೆಟ್ಟು ಬತ್ತದೆ, ಓಯ್ತದೆ ಕಣವ್ವ,
ಬಿಲ್ಲು ಅರ್ಧಕ್ಕೇ ನಿಂತೋಯ್ತದೆ" ಅಂದ ಕಾರ್ಯದರ್ಶಿ ಮರಿಸ್ವಾಮಿ.
ಆಗಲೇ ಮೂರು ಸಲ ಎಲ್ಲ ಆರಿಸಿ ಹಚ್ಚಿದ್ದ,
ಕೇಬಲ್ಲು ಬದಲಿಸಿದ್ದ, ಡಬ್ಬಿಗೆ ಊದುಬತ್ತಿ ಬೆಳಗಿದ್ದ,
ಎಲ್ಲವನ್ನೂ ಒಟ್ಟಿಗೇ;
ಯಾವುದರಿಂದ ಏನಾಯಿತೆಂದು ಈಗ ದೇವರಿಗೂ ಗೊತ್ತಿಲ್ಲ.

ನಾನು ಬ್ಯಾಗು ಬಿಚ್ಚಲಿಲ್ಲ.
ಯಾವತ್ತಿನಿಂದ?
"ಸೋಮವಾರದಿಂದ."
ಭಾನುವಾರ ಏನು ಮಾಡಿದಿರಿ?
"ಏನೂ ಇಲ್ಲ."
ಎಲ್ಲ ಊರಲ್ಲೂ ಇದೇ ಉತ್ತರ. ಪುಸ್ತಕದಲ್ಲಿ ಬರೆದುಕೊಂಡೆ:
ಏನೂ ಇಲ್ಲ. ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.

ಗೌಸ್ ಮೊಹಿದ್ದೀನ್ ಸಾಹೇಬರು
ಮಂಡ್ಯದ ಟೆಲಿಫೋನ್ ಕಂಬಗಳನ್ನು ಮೂವತ್ತು ವರ್ಷ ಹತ್ತಿದವರು.
ಊಹೆ ಬಂದರೆ ಕೂರಿಸಿ ಟೀ ಕೊಡು, ಕೆಲಸ ಹೇಳಬೇಡ, ಅನ್ನುತ್ತಿದ್ದರು.
ಒಂದು ಸಲಕ್ಕೆ ಒಂದೇ ಕಡೆ ಕೈ ಹಾಕು.
ಫಲಿಸದಿದ್ದರೆ ಮೊದಲಿದ್ದ ಹಾಗೇ ಇಟ್ಟು ಬಾ.
ಬರೆದದ್ದನ್ನು ಅಳಿಸಬೇಡ, ತಪ್ಪಾಗಿದ್ದರೂ.

ಮರಿಸ್ವಾಮಿ ಆಗಲೇ ಮೊಬೈಲು ಕಿವಿಗಿಟ್ಟು
ಬೆಂಗಳೂರಿನ ಕಂಪನಿಗೆ ಬಯ್ಯಲು ಹೊರಟಿದ್ದ.
ಸಾಲಿನಿಂದ ಸಾಕಮ್ಮನ ದನಿ:
"ಕೊನೆ ಗದ್ದೆಗೆ ನೀರು ಬರ್ನಿಲ್ಲ ಅಂತ
ತೂಬಿನ್ ತಾವ್ಕೋಗಿ ಜಗಳ ತಗೀತಾರಾ ಮಗ?
ಮೊದ್ಲು ನಿನ್ ಬದೀಗೆ ಏಡಿ ತೂತು ಕೊರ್ದದಾ ನೋಡು."
ನನಗಿಂತ ಮೊದಲೇ ಅವಳಿಗೆ ಗೊತ್ತಿತ್ತು.

ತಂತಿ ನೋಡಿದೆ. ಇಲಿ ಕಚ್ಚಿಲ್ಲ.
ಹಸಿರು ದೀಪ ಹಸುಗೂಸಿನ ನೆತ್ತಿಯ ಹಾಗೆ ಬಡಿಯುತ್ತಿತ್ತು.
ಇನ್ನು ಕರೆಯುವುದು.
ಮೊದಲು ತನ್ನನ್ನೇ ಕರೆದುಕೊಳ್ಳಬೇಕು. ಇದ್ದೀಯಾ? ಓ.
(ಇದಕ್ಕೂ ಓ ಅನ್ನದ ಕಂಪ್ಯೂಟರುಗಳನ್ನು ಕಂಡಿದ್ದೇನೆ. ಮನುಷ್ಯರನ್ನೂ.)
ಆಮೇಲೆ ಹೊಸ್ತಿಲನ್ನು. ಓ.
ಹೊಸ್ತಿಲಾಚೆ, ನಂಬರು ಹೇಳಿ. ಓ.
ಅದನ್ನೇ ಹೆಸರು ಹಿಡಿದು. ಓ.
ಎಲ್ಲ ಸರಿ. ಎಲ್ಲ ಸರಿಯಿದ್ದಾಗಲೇ ನನಗೆ ಹೆದರಿಕೆ.
ಮತ್ತೆ ಕರೆದೆ: ನಾಲ್ಕು ಓ, ಮೌನ, ಮೌನ,
ಎರಡು ಓ, ಮೌನ.

ಡೇರಿಯ ಕಂಪ್ಯೂಟರಿನ ನಂಬರು ನಲವತ್ತೊಂದು.
ಅದರ ತಂತಿ ಕಿತ್ತು ಎಡಗೈಯಲ್ಲಿ ಹಿಡಿದೆ.
ಬಲಗೈಯಿಂದ, ನನ್ನ ಲ್ಯಾಪ್‌ಟಾಪಿನಿಂದ, ಕರೆದೆ:
ನಲವತ್ತೊಂದೇ?

ಓ.

ತಂತಿಯ ತುದಿ ಗಾಳಿಯಲ್ಲಿದೆ.
ಬೀಗ ಹಾಕಿದ ಮನೆಯೊಳಗಿಂದ ಯಾರೋ
ಓ, ಓ, ಓ ಅನ್ನುತ್ತಿದ್ದಾರೆ.
ನನ್ನ ತೋಳಿನ ಕೂದಲು ನಿಂತದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಹಿಂಡಿ ಮೂಟೆಯ ಹಿಂದೆ ಇನ್ನೊಂದು ತಂತಿ ಹೋಗಿತ್ತು.
ಅಲ್ಲಿ ಕೂತಿತ್ತು, ಪ್ಲಾಸ್ಟಿಕ್ಕು ಹೊದಿಕೆ ಇನ್ನೂ ತೆಗೆಯದ,
ಕೊಬ್ಬು ಅಳೆಯುವ ಯಂತ್ರ.
ಇದು ಹೊಸದಲ್ಲವೇ?
"ಒಸ್ದೇನಲ್ಲ. ಭಾನ್ವಾರ ಬಂದದ್ದು" ಅಂದ ಮರಿಸ್ವಾಮಿ.

ಮದ್ದೂರಿನ ಹುಡುಗನೊಬ್ಬ ಕೂರಿಸಿ ಹೋಗಿದ್ದ,
ಅದಕ್ಕೂ ನಲವತ್ತೊಂದನ್ನೇ ಕೊಟ್ಟು.
ವಿವರಿಸಲು ಬಾಯಿ ತೆರೆದೆ. ಅವನೇ ಅಂದ:
"ಓ, ನಮ್ ನಿಂಗಾಜಮ್ಮದೀರ್ ತರ."
ಸಾಲಿಗೆ ಸಾಲೇ ನಕ್ಕಿತು, ಇಬ್ಬರನ್ನು ಬಿಟ್ಟು.
ಪಾಸ್‌ಬುಕ್ಕು ಅದಲುಬದಲಾಗಿ
ಒಬ್ಬಳ ಎಮ್ಮೆಯ ಕೊಬ್ಬು ಇನ್ನೊಬ್ಬಳ ಲೆಕ್ಕಕ್ಕೆ ಬಿದ್ದಾಗಿನಿಂದ
ಅವರು ಮಾತು ಬಿಟ್ಟಿದ್ದಾರಂತೆ.

ಯಂತ್ರಕ್ಕೆ ಐವತ್ತೆರಡು ಕೊಟ್ಟೆ. ಕರೆದೆ.
ಒಂದು ಹೆಸರಿಗೆ ಒಂದೇ ಓ.
ನೂರು ಸಲ ಕರೆದೆ, ಸಾಲು ಗೊಣಗುತ್ತಿದ್ದರೂ,
ಒಂದು ಸಲ ಸರಿಹೋದದ್ದು ಸರಿಹೋದದ್ದಲ್ಲ.

ಒಟ್ಟು ಐವತ್ತು ನಿಮಿಷ.
ಕೊನೆಯಲ್ಲಿ ನಿಂತಿದ್ದ ಸಾಕಮ್ಮನ ಕ್ಯಾನಿನಲ್ಲಿ
ನಿನ್ನೆ ಸಂಜೆ ಅಳೆಯದೆ ಉಳಿದದ್ದೂ ಸೇರಿತ್ತು.
ಒಡೆದಿತ್ತು. ಅವಳು ಮುಚ್ಚಳ ಹಾಕಿಕೊಂಡು ಹೋದಳು,
ಏನೂ ಅನ್ನಲಿಲ್ಲ.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ: ಹಾಲು, ಆರು ಲೀಟರು.